ಪಂಚಮಿಯ ಹಾಲು ಮತ್ತು ಬಿಡುಗಡೆ ಪತ್ರ

ಶ್ರಾವಣ ಶುದ್ಧ ಪಂಚಮಿಯು ಸಮೀಪಿಸುತ್ತಿದೆ. ಕುಕ್ಕೆಯು ಆದಿ ಸುಬ್ರಹ್ಮಣ್ಯ, ಘಾಟಿಯು ಮಧ್ಯ ಸುಬ್ರಹ್ಮಣ್ಯ, ಉತ್ತರ ಪಿನಾಕಿನೀ ತೀರದ ನಮ್ಮ ನಾಗಲಮಡಿಕೆಯು ಅಂತ್ಯ ಸುಬ್ರಹ್ಮಣ್ಯ ಎಂಬ ಪ್ರತೀತಿಯಿರುವುದರಿಂದ, ನಾಗನಿಗೆ ತನಿಯೆರೆಯುವ ಈ ಹಬ್ಬವು ಪಾವಗಡದ ಸೀಮೆಯವರಿಗೆ ಮನೆಯ ಹಬ್ಬವೇ ಸರಿ. ಆದರೆ ಇದು ನಾಗನ ಹಬ್ಬ ಮಾತ್ರವಲ್ಲ, ಒಡಹುಟ್ಟಿದವರ ಹಬ್ಬವೂ ಹೌದು. ಚಿಗಳಿ ತಂಬಿಟ್ಟುಗಳ ನೈವೇದ್ಯವಾದ ತರುವಾಯ ತವರಿಗೆ ಬಂದ ತಂಗಿಯು ಅಣ್ಣನ ಬೆನ್ನಿಗೆ ಹಾಲು ಸವರಿ, ಅವನ ಬೆನ್ನೂ ಹೊಟ್ಟೆಯೂ ತಣ್ಣಗಿರಲೆಂದು ಹರಸುವಳು. ಪಟ್ಟಣದ ತರುಣರು ಫೆಬ್ರವರಿ 14ರಂದು ಗುಲಾಬಿ ಹಿಡಿದು ಆಚರಿಸುವ ಪ್ರೇಮದ ಹಬ್ಬದ ಮೇಲೆ ನಮಗೆ ದ್ವೇಷವೇನೂ ಇಲ್ಲ. ಪ್ರೀತಿಗೆಂದೇ ಮೀಸಲಾದ ದಿನವೊಂದು ನಮ್ಮಲ್ಲಿಯೂ ಇದೆಯೆಂಬುದನ್ನು ಅವರು ಮರೆಯದಿದ್ದರೆ ಸಾಕು.

ಈ ಪ್ರೀತಿಯನ್ನು ನಾವು ಯಾವ ಕಾರ್ಯಕ್ಕೆ ಬಳಸಿಕೊಳ್ಳುತ್ತಿದ್ದೇವೆಂಬುದೇ ಇಂದಿನ ಪ್ರಶ್ನೆ. ಹಬ್ಬಕ್ಕೆಂದು ಕರೆಸಿದ ತಂಗಿಯನ್ನು ಅದೇ ಪಯಣದಲ್ಲಿ ಉಪ ನೋಂದಣಿ ಕಚೇರಿಗೆ ಕರೆದೊಯ್ದು, ಪಿತ್ರಾರ್ಜಿತದಲ್ಲಿ ತನಗೇನೂ ಬೇಡವೆಂಬ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಪದ್ಧತಿಯು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಪ್ರತಿಯಾಗಿ ಅವಳಿಗೆ ದೊರೆಯುವುದು ಅರಿಶಿನ ಕುಂಕುಮ, ಒಂದು ಸೀರೆ.

ಕಾನೂನಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ವಿಭಾಗದ ಕಾಲದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲುಂಟೆಂದು ವಿಧಿಸಿತು. 1994ರಲ್ಲಿ ಕರ್ನಾಟಕವು ಮಗಳನ್ನು ಮಗನಂತೆಯೇ ಹುಟ್ಟಿನಿಂದ ದಾಯಾದಿಯೆಂದು ಅಂಗೀಕರಿಸಿತಾದರೂ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೊಡೆಯಿತು. ಆ ದಿನ ತಂದೆಯು ಜೀವಂತನಾಗಿರಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತಿದೆ.

ಹೀಗಿದ್ದರೂ ಗೃಹಸ್ಥರು ಎರಡು ಆಕ್ಷೇಪಗಳನ್ನೆತ್ತುವರು. ಮದುವೆಗೆ ಮಾಡಿದ ಖರ್ಚೇ ಅವಳ ಪಾಲೆಂಬುದು ಮೊದಲನೆಯದು. ಅಣ್ಣನ ಮದುವೆಯೂ ಪುಕ್ಕಟೆಯಾಗಿ ನಡೆಯಲಿಲ್ಲವಷ್ಟೆ. ಅವನ ವಿದ್ಯಾಭ್ಯಾಸದ ವೆಚ್ಚವನ್ನು ಅವನ ಪಾಲಿನಿಂದ ಕಳೆದವರನ್ನು ನಾವು ಇದುವರೆಗೆ ಕಂಡಿಲ್ಲ. ಹೊಲವು ತುಂಡು ತುಂಡಾಗುವುದೆಂಬುದು ಎರಡನೆಯದು. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಮೂರೆಕರೆ ಕಡಲೆಕಾಯಿ ಹೊಲವನ್ನು ನಾಲ್ಕಾಗಿ ಸೀಳಿದರೆ ಯಾರಿಗೂ ಅನ್ನ ಹುಟ್ಟದೆಂಬುದು ನಿಜ. ಈ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ನಾಗಲಮಡಿಕೆ ಹೋಬಳಿಯಲ್ಲಿ ಈಗ ಆ ಮಾತಿಗೂ ಬಲವಿಲ್ಲ. ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು ನಿಂತಿದೆ. ರೈತರ ಭೂಮಿಯು 28 ವರ್ಷಗಳ ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆಯು ಎರಡು ವರ್ಷಕ್ಕೊಮ್ಮೆ ಏರತಕ್ಕದ್ದೆಂಬ ಕರಾರಿದೆ. ನೇಗಿಲೇ ಹೂಡದ ಹೊಲಕ್ಕೆ ತುಂಡಾಗುವ ಭಯವೆಲ್ಲಿಯದು? ಬಾಡಿಗೆಯನ್ನು ಹಂಚುವುದಕ್ಕೆ ಬದು ಹಾಕಬೇಕಾಗಿಲ್ಲ. ಹಣವು ಪಹಣಿಯಲ್ಲಿ ಹೆಸರಿದ್ದವನ ಬ್ಯಾಂಕಿನ ಲೆಕ್ಕಕ್ಕೆ ಹೋಗುವುದು. ವಂಶವೃಕ್ಷದಿಂದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋದರೆ ಅವಳ ಪಾಲು ಮೌನವಾಗಿ ಅಲ್ಲಿಯೇ ಕರಗುವುದು. ಆ ವಂಶವೃಕ್ಷಕ್ಕೆ ರುಜು ಹಾಕತಕ್ಕ ಅಧಿಕಾರಿಗಳಲ್ಲಿಯೂ ಈ ಪತ್ರಿಕೆಯ ವಾಚಕರಿದ್ದಾರೆ. ಮನೆಗೆ ಹೆಣ್ಣುಮಕ್ಕಳೆಷ್ಟೆಂದು ಒಂದು ಮಾತು ಹೆಚ್ಚಾಗಿ ಕೇಳಿದರೆ ಅವರ ಗೌರವಕ್ಕೆ ಕುಂದಾಗದು.

ಅನ್ಯರಿಗೆ ಬುದ್ಧಿ ಹೇಳಹೊರಟ ನಾವು ನಮ್ಮ ಮನೆಯ ಸಂಗತಿಯನ್ನು ಮರೆಮಾಚುವುದು ಯೋಗ್ಯವಲ್ಲ. 2011ರ ಪಂಚಮಿಗೆ ನಮ್ಮ ತಂಗಿಯು ಬಂದಿದ್ದಳು. ಬೆನ್ನಿಗೆ ಹಾಲು ಸವರಿ ಹರಸಿದಳು. ಮರುದಿನ ನಾವೇ ಅವಳನ್ನು ಕಚೇರಿಗೆ ಕರೆದೊಯ್ದೆವು. ಬರೆದದ್ದೇನೆಂದು ಅವಳು ಓದಲಿಲ್ಲ. ನಾವೂ ಓದಿ ಹೇಳಲಿಲ್ಲ. ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಅಣ್ಣಯ್ಯ, ಬರುವ ವರ್ಷವೂ ಹಬ್ಬಕ್ಕೆ ಕರೀತೀಯಲ್ಲ?" ಎಂದಳು. ಅಂದು ಅದನ್ನು ಹುಡುಗಾಟದ ಮಾತೆಂದು ನಕ್ಕೆವು. ತನ್ನ ಪಾಲಿಗೆ ಅವಳು ಕಟ್ಟಿದ ಬೆಲೆಯು ತವರಿನ ಬಾಗಿಲು ಮುಚ್ಚದಿರುವುದೊಂದೇ ಎಂಬುದು ನಮಗೆ ಹೊಳೆದದ್ದು ಬಹು ತಡವಾಗಿ. ಮನಸಾರೆ ಕೊಟ್ಟದ್ದು ದಾನವಾಗಬಹುದು. ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಕೊಟ್ಟದ್ದನ್ನು ಪ್ರೀತಿಯೆಂದು ನಾವು ಹೇಗೆ ಕರೆಯೋಣ?

ಒಮ್ಮೆ ನೋಂದಣಿಯಾಗಿ ಬಿಟ್ಟುಕೊಟ್ಟ ಹಕ್ಕು ತಾನಾಗಿ ಮರಳದೆಂದು ವಕೀಲರು ತಿಳಿಸಿದ ಮೇಲೆ, ಅವಳ ಪಾಲಿನಷ್ಟು ಭೂಮಿಗೆ ದಾನಪತ್ರದ ಕರಡನ್ನು ಬರೆಯಿಸಿದ್ದೇವೆ. ಹಬ್ಬದ ಕರೆಯೊಡನೆ ಅದರ ಪ್ರತಿಯನ್ನೂ ಕಳುಹಿಸಿ, ಈ ಸಲ ಓದಿ ನೋಡೆಂದು ಬರೆದಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ.