ಗೊಂಬಿಗೆ ಕೈ ಮುಗಿದವರು ಗೊಂಬಿ ಆಡಿಸಿದವರಿಗೆ ಏನ್ ಕೊಟ್ವಿ?

ಪೋಸ್ಟ್ ಸ್ವಲ್ಪ ಉದ್ದ ಐತಿ, ಪೂರಾ ಓದ್ರಿ. ಇದು ಸರ್ಕಾರದ ಬಗ್ಗೆ ಅಷ್ಟೇ ಅಲ್ಲ, ನಮ್ಮ ಬಗ್ಗೆನೂ ಐತಿ.

ಮುಧೋಳ ತಾಲೂಕಿನ ನಮ್ಮ ತಿಮ್ಮಾಪುರಕ್ಕ ನಾನು ಸಣ್ಣಾಂವ ಇದ್ದಾಗ ಶಿಳ್ಳೇಕ್ಯಾತರು ಬರ್ತಿದ್ರು, ತೊಗಲಗೊಂಬಿ ಆಡಸವ್ರು. ಮಳಿ ಹೋದ ವರ್ಷ ಊರ ಹಿರ್ಯಾರೇ ಹೇಳಿ ಕಳಿಸಿ ಕರಸ್ತಿದ್ರು. ಗೊಂಬಿ ಆಡಿಸಿದ್ರ ಮಳಿ ಬರ್ತೈತಿ, ದನಕ್ಕ ಬಂದ ಬ್ಯಾನಿ ಹೋಗತೈತಿ ಅನ್ನೋ ನಂಬಿಕಿ. ಬಿಳೇ ಪರದೆ, ಹಿಂದ ಒಂದು ದೀಪ. ಗಂಡ ಗೊಂಬಿ ಕುಣಿಸಿ ಮಾತಾಡ್ತಿದ್ದ, ಹೆಂಡ್ತಿ ಹಾಡ್ತಿದ್ಲು, ಮಗ ಮದ್ದಳೆ ಬಾರಸ್ತಿದ್ದ. ಕಿಳ್ಳೇಕ್ಯಾತ, ಬಂಗಾರಕ್ಕ ಬಂದ್ರ ಊರೆಲ್ಲಾ ನಗ್ತಿತ್ತು. ರಾಮ ಬಂದ್ರ ಊರೆಲ್ಲಾ ಕೈ ಮುಗೀತಿತ್ತು.

ಬೆಳಗಾದ ಮ್ಯಾಲೆ? ಅವರ ಜೋಪಡಿ ಇರ್ತಿದ್ದದ್ದು ನಮ್ಮ ಕೇರಿಗಿಂತ ಆಚೆ, ತಿಪ್ಪಿ ಬಾಜೂಕ. ಊರಿಗೆ ನಾವು ಹೊರಗಿನವರು, ನಮಗ ಅವರು ಹೊರಗಿನವರು. ರಾತ್ರಿ ಹಾಡಿದ ಆಯಿ ಬೆಳಿಗ್ಗೆ ರೊಟ್ಟಿಗೆ ನಮ್ಮ ಬಾಗಿಲಿಗೆ ಬರ್ತಿದ್ಲು. ನಮ್ಮವ್ವ ರೊಟ್ಟಿ ಮ್ಯಾಲಿಂದ ಹಾಕ್ತಿದ್ಲು, ನೀರು ಎತ್ತಿ ಹೊಯ್ತಿದ್ಲು. ಊರ ಮಂದಿ ನಮ್ಮವ್ವಗ ಹೆಂಗ ಕೊಡ್ತಿದ್ರೋ, ಹಂಗ. ಇದನ್ನ ಬರೀಲಿಕ್ಕೆ ನನಗ ಬಾಳ ವರ್ಷ ಬೇಕಾತು.

ಆ ಆಯಿ ಮಗ ಒಂದಿನ ನನ್ನ ಜೋಡಿ ಸಾಲಿಗೆ ಬಂದು ಕುಂತ. ಮಾಸ್ತರು ಕೇಳಿದ್ರು, "ಯಾವೂರಪ್ಪಾ ನಿಂದು?" ಅವ ಅಂದ, "ಇವತ್ತು ಇದೇ ಊರು ರೀ." ಕ್ಲಾಸೆಲ್ಲಾ ನಕ್ತು, ನಾನೂ ನಕ್ಕೆ. ಮರುದಿನ ಅವ ಬರಲಿಲ್ಲ. ಇಡೀ ರಾಮಾಯಣ ಬಾಯಾಗಿದ್ದ ಹುಡುಗ ಅವ.

ಈಗ ಕೆಲವರು ಬರೀತಾರ, ಅಲೆಮಾರಿ ಕಲಾವಿದರ ಬದುಕು ಎಷ್ಟು ಸ್ವತಂತ್ರ, ಎಷ್ಟು ಚಂದ ಅಂತ. ಬರೀ ಅಲೆದಾಟ ಅಲ್ಲಪ್ಪಾ ಅದು. ನಿಲ್ಲಾಕ ಒಂದು ಗೇಣು ಜಾಗ ಇಲ್ಲದ್ದಕ್ಕ ನಡೆದದ್ದು. ಆಟ ಸಿಗದ ದಿನ ಹೊಳಿ, ಕೆರಿಯಾಗ ಮೀನ ಹಿಡಿದು ಹೊಟ್ಟಿ ಹೊರೆದವರು ಇವರು. 1871ರಾಗ ಬ್ರಿಟಿಷರು ಕಾನೂನು ಮಾಡಿ ಎಷ್ಟೋ ಅಲೆಮಾರಿ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂದ್ರು. 1952ರಾಗ ಆ ಪಟ್ಟಿ ಹೋತು, ಮಂದಿ ಕಣ್ಣಾಗಿನ ಸಂಶಯ ಹೋಗಲಿಲ್ಲ. 2018ರ ಜುಲೈ 1ಕ್ಕ ಮಹಾರಾಷ್ಟ್ರದ ಧುಳೆ ಜಿಲ್ಲೆ ರಾಯಿನ್‌ಪಾಡಾದಾಗ ಮಕ್ಕಳ ಕಳ್ಳರು ಅಂತ ಐವರು ಅಲೆಮಾರಿಗಳನ್ನ ಹೊಡೆದು ಕೊಂದ್ರು. ಅವರಲ್ಲಿ ಹೆಚ್ಚಿನವರು ನಮ್ಮ ಗಡಿಯ ಮಂಗಳವೇಢೆ ಕಡೆಯವರು.

ಈಗ ವಿಷಯಕ್ಕೆ ಬರ್ತೀನಿ. 2025ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆ ಆಯ್ತು. ತೊಗಲುಗೊಂಬೆ ಆಡಿಸುತ್ತಲೇ ತೊಂಬತ್ತು ದಾಟಿದ ಅಜ್ಜಿ. ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಅದೇ ವರ್ಷ ಆಗಸ್ಟ್‌ನಲ್ಲಿ ಏನಾಯ್ತು? ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಯ 59 ಅಲೆಮಾರಿ, ಸೂಕ್ಷ್ಮ ಸಮುದಾಯಗಳಿಗೆ ಪ್ರತ್ಯೇಕ ಶೇ. 1 ಕೊಡ್ರಿ ಅಂತ ಶಿಫಾರಸು ಮಾಡಿತ್ತು. ಆಗಸ್ಟ್ 19ರ ಸಂಪುಟ ಸಭೆ ಆ ಒಂದನ್ನ ತೆಗೆದು, 6-6-5 ಅಂತ ಹಂಚಿ, ಅಲೆಮಾರಿಗಳನ್ನ ಲಂಬಾಣಿ, ಬೋವಿ, ಕೊರಮ, ಕೊರಚರ ಜೊತೆ ಶೇ. 5ರ ಗುಂಪಿಗೆ ಸೇರಿಸಿತು.

ಆ ಸಮುದಾಯಗಳ ಅಣ್ಣತಮ್ಮಂದಿರ ಮ್ಯಾಲೆ ನನಗ ಸಿಟ್ಟಿಲ್ಲ. ಅವರೂ ನೊಂದವರೇ. ಪ್ರಶ್ನೆ ಇರೋದು, ಊರು ಯಾವುದು ಅಂದ್ರ ಉತ್ತರ ಇಲ್ಲದ ಹುಡುಗ, ಮನೆತನದಾಗ ಮೊದಲ ಸಲ ಅಕ್ಷರ ಹಿಡಿದಾಂವ, ಸಂಘಟನೆ, ಹಾಸ್ಟೆಲ್ಲು, ಶಾಸಕರು ಇರೋ ದೊಡ್ಡ ಸಮುದಾಯಗಳ ಜೊತೆ ಒಂದೇ ಗೆರೆಯಿಂದ ಹೆಂಗ ಓಡಬೇಕು? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ಒಪ್ಪಿದ್ದು ಹಿಂದೆ ಉಳಿದವರಿಗೆ ಪಾಲು ಮುಟ್ಟಲಿ ಅಂತ. ಇಲ್ಲಿ ಕಟ್ಟಕಡೆಯವರ ಎಲೆಯಿಂದಲೇ ತುತ್ತು ತೆಗೆದರು.

ಮತ್ತ ನಾವು? ನಮಗ ಆರು ಬಂತು ಅಂತ ಹಲಗಿ ಬಾರಿಸಿದ್ವಿ, ಪೇಡೆ ಹಂಚಿದ್ವಿ. ಮೂವತ್ತು ವರ್ಷದ ಹೋರಾಟ, ಖುಷಿ ಪಡೋದು ತಪ್ಪಲ್ಲ. ಆದ್ರ ಬೆಂಗಳೂರಿನ ಫ್ರೀಡಂ ಪಾರ್ಕ್‌ನಾಗ ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಶಿಳ್ಳೇಕ್ಯಾತರು ಕುಂತಾಗ ನಮ್ಮೊಳಗ ಎಷ್ಟು ಜನ ಹೋಗಿ ಬಾಜೂಕ ಕುಂತ್ವಿ? ಅವರಿಗೆ ಬಂದದ್ದು ಅವರು ನೋಡ್ಕೋತಾರ ಅಂದ್ವಿ. ರೊಟ್ಟಿ ಮತ್ತ ಮ್ಯಾಲಿಂದ ಹಾಕಿದಂಗ ಆಗಲಿಲ್ಲೇನು?

ಬಾಬಾಸಾಹೇಬರು ಜಾತಿಯನ್ನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಅಸಮಾನತೆ ಅಂದಿದ್ದು ಇದಕ್ಕ. ನಾವು ಮ್ಯಾಲಿನ ಮೆಟ್ಟಿಲು ಬಯ್ಯೋದು ಕಲಿತ್ವಿ. ಕೆಳಗ ಒಂದು ಮೆಟ್ಟಿಲು ಐತಿ ಅನ್ನೋದು ಮರೆತ್ವಿ.

ಅದಕ್ಕ ಒಂದು ಕೆಲಸ ಹೇಳ್ತೀನಿ. ಈ ವಾರ ನಿಮ್ಮೂರ ಹೊರಗಿನ ಒಂದು ಜೋಪಡಿಗೆ ಹೋಗ್ರಿ. ಫೋಟೋ ಬ್ಯಾಡ. ಆಧಾರ್ ಐತೇನು, ರೇಷನ್ ಕಾರ್ಡ್ ಐತೇನು, ಜಾತಿ ಪ್ರಮಾಣಪತ್ರ ಸಿಕ್ಕೈತೇನು, ಹುಡುಗರು ಸಾಲಿಗೆ ಹೋಗ್ತಾವೇನು ಕೇಳ್ರಿ. ಇಲ್ಲಂದ್ರ ಅವರ ಜೋಡಿ ತಹಶೀಲ್ದಾರ್ ಕಚೇರಿಗೆ ಹೋಗಿ ನಿಲ್ಲರಿ. ನಮ್ಮ ಮುಂದಿನ ಸಭೆಯ ಬೇಡಿಕೆ ಪಟ್ಟಿಯಾಗ ಅಲೆಮಾರಿಗಳ ಶೇ. 1 ಮೊದಲ ಸಾಲಿನಾಗ ಇರಲಿ. ಅವರು ಕೇಳೋದಲ್ಲ, ನಾವು ಕೇಳೋದು.

ಮತ್ತ ಅವರು ಮನಿಗೆ ಬಂದ್ರ, ಒಳಗ ಕರೀರಿ. ತಾಟಿನಾಗ ಊಟ ಬಡಸ್ರಿ, ಜೋಡಿ ಕುಂತು ಉಣ್ಣರಿ.

ಜೈ ಭೀಮ್.