ನರ್ಸ್‌ಗಳಿಗೆ ಪಾಠ ಹೇಳುವವರು ನಮ್ಮಲ್ಲಿ ಯಾರು?



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ನಮ್ಮ ಶಾಲೆಗಳ ಜಗಲಿಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: "ಮಗಳನ್ನು ನರ್ಸಿಂಗಿಗೆ ಹಾಕುತ್ತೇವೆ ಮಾಷ್ಟ್ರೇ." ಒಳ್ಳೆಯ ನಿರ್ಧಾರವೇ. ಆದರೆ ನಮ್ಮ ಯೋಚನೆ ಅಲ್ಲಿಗೇ ನಿಂತುಬಿಡುತ್ತದೆ. ಕೋರ್ಸು ಮುಗಿಯಬೇಕು, ಗಲ್ಫಿಗೋ ಇಂಗ್ಲೆಂಡಿಗೋ ವೀಸಾ ಬರಬೇಕು, ಸಾಲ ತೀರಬೇಕು, ಮದುವೆಯಾಗಬೇಕು. ಅದರಾಚೆಗೆ ಎಂ.ಎಸ್ಸಿ. ನರ್ಸಿಂಗ್ ಎಂಬ ಮೆಟ್ಟಿಲೊಂದಿದೆ, ಅದನ್ನು ಹತ್ತಿದವರೇ ನಾಳೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು, ಆಸ್ಪತ್ರೆಯ ಶುಶ್ರೂಷಾ ವಿಭಾಗವನ್ನು ನಡೆಸುವವರು ಎಂಬ ವಿಚಾರ ನಮ್ಮ ಮನೆಗಳಲ್ಲಿ ಚರ್ಚೆಗೇ ಬರುವುದಿಲ್ಲ. ಇದರಿಂದ ಗಡಿನಾಡ ಕನ್ನಡಿಗರಿಗೆ ಆಗುತ್ತಿರುವ ನಷ್ಟ ಸಣ್ಣದಲ್ಲ.

ಮೊದಲು ಈ ಮೆಟ್ಟಿಲು ಯಾವುದೆಂದು ತಿಳಿಯೋಣ. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಅದರಲ್ಲಿ ಒಟ್ಟು 55 ಶೇಕಡಾ ಅಂಕ ಪಡೆದು ಒಂದು ವರ್ಷ ಕೆಲಸ ಮಾಡಿದವರು 2 ವರ್ಷದ ಎಂ.ಎಸ್ಸಿ.ಗೆ ಸೇರಬಹುದು. ಜನರಲ್ ನರ್ಸಿಂಗ್ ಮುಗಿಸಿದವರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡು ಇದೇ ದಾರಿಗೆ ಬರಬಹುದು. ಎಂ.ಎಸ್ಸಿ.ಯಲ್ಲಿ ರೋಗಿಯ ಆರೈಕೆಯ ಉನ್ನತ ಪಾಠದ ಜೊತೆಗೆ ಶುಶ್ರೂಷಾ ಶಿಕ್ಷಣ, ಸಂಶೋಧನೆ, ಆಡಳಿತ ಇವೂ ಕಡ್ಡಾಯ ವಿಷಯಗಳು. ಅಧ್ಯಾಪಕರಾಗಲು ನಾವು ಬಿ.ಎಡ್.ನಲ್ಲಿ ಕಲಿತ ಪಾಠಯೋಜನೆ, ಬೋಧನಾ ಕ್ರಮ, ಮೌಲ್ಯಮಾಪನಗಳನ್ನೇ ಅವರು ಅಲ್ಲಿ ಕಲಿಯುತ್ತಾರೆ. ಬರೀ ಬಿ.ಎಸ್ಸಿ. ಆದವರು ಕಾಲೇಜಿನಲ್ಲಿ ಟ್ಯೂಟರ್ ಆಗಬಹುದು. ಅಸಿಸ್ಟೆಂಟ್ ಪ್ರೊಫೆಸರ್ ಆಗಲು, ಮುಂದೆ ಪ್ರಿನ್ಸಿಪಾಲರಾಗಲು ಎಂ.ಎಸ್ಸಿ. ಬೇಕೇ ಬೇಕು.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅವರು ಒಂದು ದಿನ ಗಡಿಯಾಚೆಯ ಯಾವುದಾದರೂ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಕೂತು ನೋಡಲಿ. ಅಕ್ಕಲಕೋಟೆಯ ರೈತ ಸೊಲ್ಲಾಪುರಕ್ಕೆ, ಆದವಾನಿಯ ಕೂಲಿಯಾಳು ಕರ್ನೂಲಿಗೆ, ತಾಳವಾಡಿಯ ಮುದುಕಿ ಈರೋಡಿಗೆ ಹೋಗಿ ಮಲಗಬೇಕು. "ಕಾಲು ಜೋಮು ಹಿಡಿದಿದೆ" ಎಂದರೆ ನೋವು ಎಂದು ಬರೆದುಕೊಂಡರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. "ಎದೆ ಉರಿ" ಬೇರೆ, "ಎದೆ ಹಿಡಿದುಕೊಂಡಿದೆ" ಎಂಬುದು ಬೇರೆ. ಮಾವನಿಗೆ ಮೂತ್ರ ಕಟ್ಟಿದ್ದನ್ನು ಸೊಸೆ ತರ್ಜುಮೆ ಮಾಡಬೇಕು. ತಾಯಿಯ ಹೆಂಗಸರ ಕಾಯಿಲೆಯನ್ನು ಏಳನೇ ತರಗತಿಯ ಮಗ ಹೇಳಬೇಕು. ನಾಚಿಕೆಯಿಂದ ಅರ್ಧ ವಿಷಯ ಬಾಯಿಂದ ಹೊರಗೇ ಬರುವುದಿಲ್ಲ. ಮನೋರೋಗದ ವಾರ್ಡಿನಲ್ಲಂತೂ ಮಾತೇ ಮದ್ದು. ಅಲ್ಲಿ ಕೈಸನ್ನೆಯಿಂದ ಏನು ಮಾಡೋಣ?

ರೋಗಿಯನ್ನು ಮಾತಾಡಿಸಿ ಕಾಯಿಲೆಯ ವಿವರ ತೆಗೆಯುವುದನ್ನು ವಿದ್ಯಾರ್ಥಿನಿಯರು ಕಲಿಯುವುದು ಹಾಸಿಗೆಯ ಪಕ್ಕದಲ್ಲಿ, ತಮ್ಮ ಅಧ್ಯಾಪಕಿಯನ್ನು ನೋಡಿ. ಆ ಅಧ್ಯಾಪಕಿಗೇ ಕನ್ನಡ ಬಾರದಿದ್ದರೆ ಕನ್ನಡದ ರೋಗಿಯ ಹಾಸಿಗೆಯನ್ನು ದಾಟಿ ಮುಂದಿನದಕ್ಕೆ ಹೋಗುತ್ತಾರೆ. ಅವಳ ಕೈಯಲ್ಲಿ ಕಲಿತವರೂ ಮುಂದೆ ಹಾಗೆಯೇ ದಾಟಿಹೋಗುತ್ತಾರೆ. ಒಬ್ಬ ಕನ್ನಡದ ನರ್ಸ್ ಒಂದು ಪಾಳಿಯಲ್ಲಿ ಒಂದು ವಾರ್ಡನ್ನು ನೋಡಿಕೊಂಡಾಳು. ಕನ್ನಡ ಬಲ್ಲ ಒಬ್ಬ ಅಧ್ಯಾಪಕಿ ವರ್ಷ ವರ್ಷವೂ ಒಂದು ತಂಡವನ್ನೇ ತಿದ್ದುತ್ತಾಳೆ. ಕನ್ನಡ ಬಲ್ಲ ನರ್ಸಿಂಗ್ ಸೂಪರಿಂಟೆಂಡೆಂಟ್ ಇದ್ದರೆ ಯಾವ ವಾರ್ಡಿಗೆ ಯಾರನ್ನು ಹಾಕಬೇಕೆಂಬ ವಿವೇಚನೆಯಾದರೂ ಇರುತ್ತದೆ.

"ಕನ್ನಡ ಮಾಧ್ಯಮದವರಿಗೆ ಇಂಗ್ಲಿಷಿನ ಎಂ.ಎಸ್ಸಿ. ಹೇಗೆ ಸಾಧ್ಯ?" ಎಂಬ ಮಾತು ಬರುತ್ತದೆ. ರಕ್ತಪರಿಚಲನೆ ಏನೆಂದು ಕನ್ನಡದಲ್ಲಿ ಸರಿಯಾಗಿ ತಿಳಿದ ಮಗುವಿಗೆ ಅದರ ಇಂಗ್ಲಿಷ್ ಹೆಸರು ಕಲಿಯಲು ತಿಂಗಳುಗಳು ಸಾಕು. ಕಷ್ಟವಿರುವುದು ಮೊದಲ ವರ್ಷದಲ್ಲಿ. ಆ ಹೊತ್ತಿಗೆ ಬೇಕಾದ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ನಮ್ಮ ಶಾಲೆಗಳ ಹೊಣೆ. ಅದನ್ನು ನೀವು ನಮ್ಮಿಂದ ಗಟ್ಟಿಯಾಗಿ ಕೇಳಿರಿ. "ಎರಡು ವರ್ಷ ಸಂಪಾದನೆ ಇಲ್ಲ" ಎನ್ನುವವರು, ಅದಕ್ಕೆ ಮೊದಲು ಒಂದು ವರ್ಷವಾದರೂ ದುಡಿಯಲೇಬೇಕೆಂಬ ನಿಯಮವಿದೆಯೆಂಬುದನ್ನು ಮರೆಯದಿರಿ. ಮಗಳ ಮದುವೆಗೆ ಕೂಡಿಡುವ ಹಣದಲ್ಲಿ ಒಂದು ಪಾಲು ಅವಳ ಓದಿಗೆ ಹೋದರೆ ಯಾರ ಮಾನವೂ ಹೋಗದು.

ಅವಕಾಶವಿಲ್ಲವೆನ್ನುವಂತೆಯೂ ಇಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ಘೋಷಿಸಲಾಯಿತು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಂತೆ 10 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಬೇಕು. ವರ್ಷಕ್ಕೆ 60 ಮಂದಿಯನ್ನು ಸೇರಿಸಿಕೊಳ್ಳುವ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ 240 ವಿದ್ಯಾರ್ಥಿಗಳು, ಅಂದರೆ 24 ಅಧ್ಯಾಪಕರು. ಈ ಕುರ್ಚಿಗಳಲ್ಲಿ ಯಾರೋ ಕೂರುತ್ತಾರೆ. ನಮ್ಮ ಮಕ್ಕಳು ಏಕೆ ಕೂರಬಾರದು?

ಸರ್ಕಾರಗಳನ್ನೂ ಸುಮ್ಮನೆ ಬಿಡುವಂತಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಕೇರಳದ ಲೋಕಸೇವಾ ಆಯೋಗವೇ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಕಡತ ನೋಡುವವರಿಗೆ ಬೇಕಾದ ಕನ್ನಡ ನಾಡಿ ನೋಡುವವರಿಗೆ ಬೇಡವೆ? ಗಡಿಪ್ರದೇಶದ ಆಸ್ಪತ್ರೆಗಳ ನರ್ಸ್ ಹುದ್ದೆಗಳಿಗೂ ನರ್ಸಿಂಗ್ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೂ ಎಲ್ಲ ರಾಜ್ಯಗಳಲ್ಲಿ ಈ ನ್ಯಾಯ ಸಿಗಬೇಕು. ಮಂಗಳೂರು ಇದೆಯಲ್ಲ ಎಂದು ನೆಮ್ಮದಿಯಾಗಿದ್ದವರಿಗೆ 2020ರ ಮಾರ್ಚ್ ಪಾಠ ಕಲಿಸಿತು. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಚಿಕಿತ್ಸೆಗೆ ಆಚೆ ದಾಟಲಾಗದೆ ಪ್ರಾಣ ಬಿಟ್ಟವರು ನಮ್ಮ ಊರಿನವರೇ.

ಒಂದನ್ನು ಬಿಟ್ಟು ಇನ್ನೊಂದು ನಡೆಯದು. ಕಲಿತವರಿಲ್ಲದೆ ಹುದ್ದೆ ಕೇಳಿದರೆ "ಅರ್ಹರು ಸಿಗುವುದಿಲ್ಲ" ಎಂದು ಕಡತ ಮುಚ್ಚುತ್ತಾರೆ. ಹುದ್ದೆಯಿಲ್ಲದೆ ಕಲಿಸಿದರೆ ಮಕ್ಕಳು ವಿಮಾನ ಹತ್ತುತ್ತಾರೆ. ಆದ್ದರಿಂದ ಎರಡೂ ಕೆಲಸ ಒಟ್ಟಿಗೆ ಆಗಬೇಕು. ಈ ವರ್ಷದ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ, ಊರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಎಂ.ಎಸ್ಸಿ.ಗೆ ಹೋಗಬಲ್ಲವರು ಯಾರು ಎಂದು ಪಟ್ಟಿ ಮಾಡಿರಿ. ಹಳೆ ವಿದ್ಯಾರ್ಥಿಗಳಿಂದ ಅವರ ಶುಲ್ಕಕ್ಕೊಂದು ನಿಧಿ ಕೂಡಿಸಿರಿ. ಹುದ್ದೆಗಳ ಬೇಡಿಕೆಯನ್ನು ನಿರ್ಣಯವಾಗಿ ಬರೆದು ಆರೋಗ್ಯ ಇಲಾಖೆಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿರಿ. ಕನ್ನಡದಲ್ಲೇ ಬರೆಯಿರಿ, ಸಂವಿಧಾನದ 350ನೇ ವಿಧಿ ಆ ಹಕ್ಕನ್ನು ಕೊಟ್ಟಿದೆ.

ಮುಂದಿನ ಸಲ "ನರ್ಸಿಂಗಿಗೆ ಹಾಕುತ್ತೇವೆ" ಎನ್ನುವಾಗ ಎಲ್ಲಿಯವರೆಗೆ ಎಂಬುದನ್ನೂ ಸೇರಿಸಿ ಹೇಳಿರಿ.

— ಕನ್ನಡ ಶಾಲಾ ಅಧ್ಯಾಪಕ, ಕಾಸರಗೋಡು