ಮಗು ದೊಡ್ಡದು ಎಂಬ ಗುಮ್ಮ

ಮುಂಬಯಿಯಲ್ಲಿ ನಮ್ಮವರ ಸೀಮಂತಕ್ಕೆ ಹೋದವರಿಗೆ ಎರಡು ಮಾತು ಕಡ್ಡಾಯವಾಗಿ ಕಿವಿಗೆ ಬೀಳುತ್ತವೆ. ಒಂದು, "ಇಬ್ಬರಿಗಾಗುವಷ್ಟು ಉಣ್ಣಮ್ಮ" ಎಂಬುದು. ಇನ್ನೊಂದು, ಅದೇ ಪಂಕ್ತಿಯ ಮತ್ತೊಂದು ತುದಿಯಿಂದ, "ಹೆಚ್ಚು ತಿನ್ನಬೇಡ, ಮಗು ದೊಡ್ಡದಾದರೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾದೀತು" ಎಂಬುದು. ನಡುವೆ ಕುಳಿತ ಬಸುರಿ ಹೋಳಿಗೆಯನ್ನು ಅರ್ಧ ತಿಂದು ಅರ್ಧ ಎಲೆಯ ಅಂಚಿಗೆ ಸರಿಸುತ್ತಾಳೆ. ಈಗ ಇವೆರಡಕ್ಕೆ ಮೂರನೆಯದೊಂದು ಸೇರಿಕೊಂಡಿದೆ. ಅದನ್ನು ಹೇಳುವವರು ಅಜ್ಜಿಯರಲ್ಲ, ಯಂತ್ರ. ಒಂಬತ್ತನೆಯ ತಿಂಗಳ ಸೋನೋಗ್ರಫಿ ಕಾಗದದ ಕೆಳತುದಿಯಲ್ಲಿ ಅಚ್ಚಾಗಿ ಬರುವ ಗ್ರಾಮುಗಳ ಲೆಕ್ಕ. ಆ ಲೆಕ್ಕದ ಮೇಲೆ ನಮಗೆ ತಕರಾರಿದೆ. ಅದನ್ನು ವಾಚಕರ ಮುಂದಿಡಲೆಂದೇ ಈ ಲೇಖನ.

ನಮ್ಮ ಮನೆಯ ಸಂಗತಿಯನ್ನೇ ಮೊದಲು ಹೇಳಿಬಿಡುತ್ತೇವೆ. ನಮ್ಮಾಕೆಯ ತಂಗಿಯ ಸಂಸಾರ ಡೊಂಬಿವಲಿಯಲ್ಲಿ. ಚೊಚ್ಚಲ ಬಸುರಿ. ಮೂವತ್ತೆಂಟನೆಯ ವಾರದಲ್ಲಿ ಕಾಗದದ ಮೇಲೆ ೩೯೦೦ ಗ್ರಾಮ್ ಎಂದು ಬಂತು. "ಮಗು ದೊಡ್ಡದಿದೆ, ರಿಸ್ಕ್ ಯಾಕೆ, ಶುಕ್ರವಾರ ಮಾಡಿಬಿಡೋಣ" ಎಂದರು ನರ್ಸಿಂಗ್ ಹೋಮಿನವರು. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಕುಂದಾಪುರಕ್ಕೆ ಫೋನು, ಅಲ್ಲಿಂದ ಅಳು. ನಡುವೆ ಯಾರೋ ಪುಣ್ಯಾತ್ಮರು ಶುಕ್ರವಾರದ ರಾಹುಕಾಲವನ್ನು ವಿಚಾರಿಸಿದರು. ಆಪರೇಷನ್ ಆಯಿತು, ಮಗುವನ್ನು ತಕ್ಕಡಿಯಲ್ಲಿಟ್ಟರು. ೩೩೦೦ ಗ್ರಾಮ್! ಉಳಿದ ಆರುನೂರು ಗ್ರಾಮ್ ಎಲ್ಲಿ ಹೋಯಿತೆಂದು ನಾವು ಕೇಳಿದ್ದಕ್ಕೆ, "ತಾಯಿ ಮಗು ಚೆನ್ನಾಗಿದ್ದಾರಲ್ಲ, ಮತ್ತೇನು?" ಎಂಬ ಉತ್ತರ ಸಿಕ್ಕಿತು. ತಾಯಿ ಅಷ್ಟೇನೂ ಚೆನ್ನಾಗಿರಲಿಲ್ಲ. ಹೊಲಿಗೆ ಕೀವಾಗಿ ಹದಿನೆಂಟು ದಿನ ಎದ್ದು ಕುಳಿತು ಹಾಲೂಡಿಸಲಾಗದೆ ನರಳಿದಳು. ಈಗ ಆಕೆ ಎರಡನೆಯದಕ್ಕೆ ಬಸುರಿ. "ಮೊದಲನೆಯದು ಸಿಸೇರಿಯನ್, ಹಾಗಾಗಿ ಇದೂ ಅದೇ" ಎಂದು ಮೂರನೆಯ ತಿಂಗಳಲ್ಲೇ ತೀರ್ಮಾನವಾಗಿದೆ.

ನಾವು ವೈದ್ಯರಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ತಿರುವಿಹಾಕುತ್ತಿರುವ ಗುಮಾಸ್ತರು. ಆದರೆ ಅಂದಾಜು ಎಂದರೇನು, ವಾಸ್ತವ ಎಂದರೇನು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಎಂದು ವರ್ಷವಿಡೀ ಮೂರು ಅಂಕಣ ತುಂಬಿಸುವುದೇ ನಮ್ಮ ಉದ್ಯೋಗ. ಸೋನೋಗ್ರಫಿಯ ತೂಕ ಮೊದಲನೆಯ ಅಂಕಣಕ್ಕೆ ಸೇರಿದ್ದು. ಯಂತ್ರ ಮಗುವನ್ನು ತೂಗುವುದಿಲ್ಲ. ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಇಷ್ಟನ್ನು ಅಳೆದು ಒಂದು ಸೂತ್ರಕ್ಕೆ ಹಾಕುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಸೂತ್ರ ಅಮೆರಿಕದ ಹ್ಯಾಡ್‌ಲಾಕ್ ಎಂಬ ವೈದ್ಯರು ೧೯೮೫ರಲ್ಲಿ ಅಲ್ಲಿನ ತಾಯಂದಿರ ಮೇಲೆ ಕಟ್ಟಿದ್ದು. ಅದರಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗುವುದು ಸಾಮಾನ್ಯ. ಎಂದರೆ ೩೯೦೦ ಎಂದು ಬರೆದಿದ್ದರೆ ಮಗು ೩೩೦೦ ಇದ್ದೀತು, ೪೪೦೦ ಕೂಡ ಇದ್ದೀತು. ದೋಷದ ಮಿತಿ ಬರೆಯದ ಅಳತೆಗೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೊನ್ನೆ ಕೊಡುತ್ತಿದ್ದರು. ಇಲ್ಲಿ ಅದೇ ಅಳತೆಯ ಮೇಲೆ ಹೊಟ್ಟೆ ಕೊಯ್ಯುತ್ತಾರೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಅಮೆರಿಕದಲ್ಲಿ ತಾಯಂದಿರನ್ನು ವಿಚಾರಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ನೂರರಲ್ಲಿ ಮೂವತ್ತೊಂದು ಮಂದಿಗೆ "ಮಗು ದೊಡ್ಡದಿರಬಹುದು" ಎಂದು ಹೇಳಲಾಗಿತ್ತು. ನಾಲ್ಕು ಕಿಲೋ ಮುಟ್ಟಿದ ಮಗುವನ್ನು ಹೆತ್ತವರು ನೂರಕ್ಕೆ ಹತ್ತು ಮಂದಿ ಸಹ ಇರಲಿಲ್ಲ. ಹಾಲು ಬೆಣ್ಣೆಯ ದೇಶದಲ್ಲೇ ಹೀಗಾದರೆ ನಮ್ಮ ಪಾಡೇನು? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ತೂಗಿದ ಕೂಸುಗಳಲ್ಲಿ ನೂರಕ್ಕೆ ಹದಿನೆಂಟು ಎರಡೂವರೆ ಕಿಲೋ ಕೂಡ ಇರುವುದಿಲ್ಲ. ನಮ್ಮವರು ರಾತ್ರಿ ನಿದ್ದೆಗೆಡಬೇಕಾದದ್ದು ಯಾವ ತುದಿಯ ಬಗ್ಗೆ ಎಂಬುದನ್ನು ವಾಚಕರೇ ಯೋಚಿಸಲಿ.

ದೊಡ್ಡ ಮಗುವಿನಿಂದ ಅಪಾಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವುದುಂಟು. ಆಗ ಕೈಯ ನರಕ್ಕೆ ಪೆಟ್ಟಾಗಬಹುದು, ತಾಯಿಗೆ ರಕ್ತಸ್ರಾವ ಹೆಚ್ಚಬಹುದು. ನೋಡಿದ ವೈದ್ಯರಿಗೆ ಅದು ಮರೆಯುವ ದೃಶ್ಯವಲ್ಲ. ಆದರೆ ಲೆಕ್ಕವನ್ನೂ ನೋಡಬೇಕು. ಅಮೆರಿಕದ ಡ್ವೈಟ್ ರೌಸ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ಹಾಕಿದ ಲೆಕ್ಕ ಇದು: ಸಕ್ಕರೆ ರೋಗವಿಲ್ಲದ ತಾಯಂದಿರಲ್ಲಿ, ಅಂದಾಜು ತೂಕ ನಾಲ್ಕೂವರೆ ಕಿಲೋ ದಾಟಿತೆಂದು ಎಲ್ಲರಿಗೂ ಸಿಸೇರಿಯನ್ ಮಾಡುತ್ತ ಹೋದರೆ, ಒಂದೇ ಒಂದು ಮಗುವಿನ ಕೈಗೆ ಶಾಶ್ವತ ಊನ ತಪ್ಪಿಸಲು ೩೬೯೫ ಆಪರೇಷನ್ ಬೇಕು. ಸಕ್ಕರೆ ರೋಗವಿರುವ ತಾಯಂದಿರಲ್ಲಾದರೆ ೪೪೩ ಸಾಕು. ಈ ಎರಡು ಅಂಕಿಗಳ ನಡುವಣ ಅಂತರವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ನಾವು ಅದಕ್ಕೆ ಮತ್ತೆ ಬರುತ್ತೇವೆ. ಅಲ್ಲಿನ ಪ್ರಸೂತಿ ವೈದ್ಯರ ಸಂಸ್ಥೆ ತೂಕದ ಕಾರಣಕ್ಕಾಗಿ ಸಿಸೇರಿಯನ್ ಮಾತೆತ್ತುವುದು ಸಕ್ಕರೆಯಿಲ್ಲದವಳಿಗೆ ಐದು ಕಿಲೋ, ಸಕ್ಕರೆಯಿದ್ದವಳಿಗೆ ನಾಲ್ಕೂವರೆ ಕಿಲೋ ಅಂದಾಜು ಬಂದಾಗ ಮಾತ್ರ. ೩೯೦೦ ಎಲ್ಲಿ, ಐದು ಸಾವಿರ ಎಲ್ಲಿ!

ಇನ್ನು ನಮ್ಮ ಅಜ್ಜಿಯರ ವಿಚಾರ. ವೈದ್ಯರನ್ನು ಬಯ್ದು ಮನೆಯವರನ್ನು ಬಿಟ್ಟರೆ ಅದು ಪಕ್ಷಪಾತವಾದೀತು. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ದಂಪತಿ ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಸುರಿಯರ ಊಟೋಪಚಾರ ವಿಚಾರಿಸಿ ೧೯೮೩ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹೊಟ್ಟೆಯೊಳಗೆ ಅನ್ನಕ್ಕೂ ಕೂಸಿಗೂ ಇರುವುದು ಒಂದೇ ಜಾಗ, ಅನ್ನ ಹೆಚ್ಚಾದರೆ ಕೂಸಿಗೆ ಇಕ್ಕಟ್ಟು, ಕೂಸು ಚಿಕ್ಕದಾದರೆ ಹೆರಿಗೆ ಸುಲಭ ಎಂಬಂಥ ನಂಬಿಕೆಗಳನ್ನು ಅವರು ಅಲ್ಲಿ ಕಂಡರು. ಮೈಲುಗಟ್ಟಲೆ ಆಸ್ಪತ್ರೆಯಿಲ್ಲದ ಕಾಲದ ಹಳ್ಳಿಯಲ್ಲಿ ಆ ಅಂಜಿಕೆಗೆ ಅರ್ಥವಿತ್ತೆನ್ನಬಹುದು. ಆದರೆ ಅದೇ ಅಂಜಿಕೆ ಮತ್ಸ್ಯಗಂಧಾ ರೈಲು ಹತ್ತಿ ಬಂದು ಕಾಂದಿವಲಿಯ ಏಳನೆಯ ಮಹಡಿಯಲ್ಲಿ ಕುಳಿತಿದೆ. ಕಬ್ಬಿಣದ ಮಾತ್ರೆ ತಿಂದರೆ ಕೂಸು ದಪ್ಪವಾಗುತ್ತದೆ ಎಂದು ಅದನ್ನು ಕಿಟಕಿಯಿಂದಾಚೆ ಎಸೆದವರನ್ನು ನಾವು ಬಲ್ಲೆವು. ಅಂಥ ಮನೆಗೆ ೩೯೦೦ ಎಂಬ ಕಾಗದ ಬಂದರೆ ಕೇಳಬೇಕೇ? ನರ್ಸಿಂಗ್ ಹೋಮಿನವರು ಒತ್ತಾಯ ಮಾಡಬೇಕಾಗಿಯೇ ಇಲ್ಲ, ನಾವೇ ಕೈಮುಗಿದು "ಕೊಯ್ದುಬಿಡಿ" ಎನ್ನುತ್ತೇವೆ.

ಹಾಗಾದರೆ ಅಂಜಬೇಕಾದದ್ದು ಯಾವುದಕ್ಕೆ? ಸಕ್ಕರೆಗೆ. ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಅದು ಮಾಸನ್ನು ದಾಟಿ ಕೂಸಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಕೂಸು ತನ್ನದೇ ಇನ್ಸುಲಿನ್ ಹೆಚ್ಚು ಹೆಚ್ಚು ಸುರಿಸಿ ಆ ಸಕ್ಕರೆಯನ್ನು ಕೊಬ್ಬಾಗಿಸಿಕೊಳ್ಳುತ್ತದೆ, ಹೊಟ್ಟೆ ಭುಜಗಳಲ್ಲಿ ತುಂಬಿಕೊಳ್ಳುತ್ತದೆ. ರೌಸ್ ಅವರ ಲೆಕ್ಕದಲ್ಲಿ ೩೬೯೫ ಇದ್ದದ್ದು ೪೪೩ಕ್ಕೆ ಇಳಿಯಲು ಇದೊಂದು ಮುಖ್ಯ ಕಾರಣ. ಹುಟ್ಟಿದ ಮೇಲೆ ತಾಯಿಯ ಸಕ್ಕರೆ ನಿಂತು ಕೂಸಿನ ಇನ್ಸುಲಿನ್ ನಿಲ್ಲದೆ, ಅದರ ಸಕ್ಕರೆ ದಿಢೀರನೆ ಇಳಿಯುವ ಅಪಾಯ ಬೇರೆ.

ಇದು ಪರದೇಶದ ಕಾಯಿಲೆ ಎಂದುಕೊಳ್ಳಬೇಡಿ. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಗರ್ಭಕಾಲದ ಸಕ್ಕರೆ ಕಂಡಿತು. ಅವರ ಮಕ್ಕಳನ್ನು ಬಿಡದೆ ಹಿಂಬಾಲಿಸಿ ನೋಡಿದಾಗ, ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗಾಗಲೇ ಚರ್ಮದಡಿಯ ಕೊಬ್ಬು ಇತರರಿಗಿಂತ ಹೆಚ್ಚಿತ್ತು. ಆದರೆ ಇದಕ್ಕೆ ಉಪಾಯವುಂಟು. ಆಸ್ಟ್ರೇಲಿಯದ ವೈದ್ಯರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ತಾಯಂದಿರಿಗೆ ಪಥ್ಯ ಹೇಳಿ, ಸಕ್ಕರೆ ನೋಡಿಕೊಂಡು, ಬೇಕಾದವರಿಗೆ ಇನ್ಸುಲಿನ್ ಕೊಟ್ಟಾಗ ನಾಲ್ಕು ಕಿಲೋ ಮೀರಿದ ಮಕ್ಕಳು ನೂರಕ್ಕೆ ಇಪ್ಪತ್ತೊಂದರಿಂದ ಹತ್ತಕ್ಕೆ ಇಳಿದವು.

ಪರೀಕ್ಷೆಯೂ ಸುಲಭ. ಭಾರತ ಸರಕಾರದ ೨೦೧೪ರ ಮಾರ್ಗಸೂಚಿ ಮತ್ತು ೨೦೧೮ರ ಪರಿಷ್ಕರಣದಲ್ಲಿ ಅದು ಸ್ಪಷ್ಟವಾಗಿದೆ: ೭೫ ಗ್ರಾಮ್ ಗ್ಲೂಕೋಸ್ ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ಮೇಲೆ ರಕ್ತ ನೋಡುವುದು. ೧೪೦ ಅಥವಾ ಮೇಲಿದ್ದರೆ ಸಕ್ಕರೆ ಇದೆ ಎಂದರ್ಥ. ಉಪವಾಸ ಕೂಡ ಬೇಕಿಲ್ಲ. ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಸರಿಯಿದ್ದರೆ ೨೪ರಿಂದ ೨೮ನೆಯ ವಾರದೊಳಗೆ ಇನ್ನೊಮ್ಮೆ.

ನಮ್ಮ ವಲಸೆ ಸಂಸಾರಗಳ ಎಡವಟ್ಟು ಆಗುವುದು ಸರಿಯಾಗಿ ಈ ವಾರಗಳಲ್ಲೇ. ಚೊಚ್ಚಲ ಹೆರಿಗೆ ತವರಲ್ಲಿ ಎಂಬುದು ಪದ್ಧತಿ. ಆರನೆಯ ತಿಂಗಳಾಗುತ್ತಲೇ ಸೀಮಂತದ ಗದ್ದಲ, ಟಿಕೆಟಿನ ಗದ್ದಲ. ಇಲ್ಲಿನ ವೈದ್ಯರು "ಹೇಗೂ ಊರಿಗೆ ಹೋಗುತ್ತೀರಿ, ಅಲ್ಲೇ ಮಾಡಿಸಿ" ಎನ್ನುತ್ತಾರೆ. ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ "ಮುಂಬಯಿಯವರಲ್ಲವೇ, ಎಲ್ಲ ಆಗಿರುತ್ತದೆ" ಎನ್ನುತ್ತಾರೆ. ಊರಿಗೆ ಹೋಗದೆ ಇಲ್ಲೇ ಉಳಿದವರಿಗೂ ಗ್ಯಾರಂಟಿಯಿಲ್ಲ. ನಮ್ಮ ಡೊಂಬಿವಲಿಯ ಹುಡುಗಿಯ ಕಡತವನ್ನು ನಾವು ಕಚೇರಿಯ ಅಭ್ಯಾಸಬಲದಿಂದ ಮೊದಲಿನಿಂದ ಕೊನೆಯವರೆಗೆ ತಿರುವಿದೆವು. ಐದು ಸೋನೋಗ್ರಫಿ ಇದ್ದವು. ಗ್ಲೂಕೋಸ್ ಪರೀಕ್ಷೆಯ ಸಾಲಿನ ಎದುರು ಖಾಲಿ. ಹೊಟ್ಟೆ ಕೊಯ್ಯುವಷ್ಟು ದೊಡ್ಡದೆಂದು ತೀರ್ಮಾನಿಸಿದ ಮಗುವಿನ ತಾಯಿಗೆ, ಮಗು ಯಾಕೆ ದೊಡ್ಡದೆಂದು ಕೇಳುವ ಒಂದು ಲೋಟ ಗ್ಲೂಕೋಸ್ ನೀರನ್ನು ಯಾರೂ ಕುಡಿಸಿರಲಿಲ್ಲ.

ವೈದ್ಯರ ಪರವಾಗಿಯೂ ಒಂದು ಮಾತು ಹೇಳಬೇಕು. ಒಬ್ಬರೇ ನಡೆಸುವ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಎರಡಕ್ಕೆ ಅರಿವಳಿಕೆ ತಜ್ಞರನ್ನು ಕರೆತರುವುದು ಸುಲಭವಲ್ಲ. ಎಡವಟ್ಟಾದರೆ ಗಾಜು ಒಡೆಯುವವರೂ ನಾವೇ. ಅವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಆದರೂ ಅದೇ ಸಮೀಕ್ಷೆಯಲ್ಲಿ ಸರಕಾರಿ ಆಸ್ಪತ್ರೆಯ ಹೆರಿಗೆಗಳಲ್ಲಿ ನೂರಕ್ಕೆ ೧೪.೩ ಸಿಸೇರಿಯನ್, ಖಾಸಗಿಯಲ್ಲಿ ೪೭.೪ ಎಂದಿರುವುದನ್ನು ಅಂಜಿಕೆಯೊಂದರಿಂದಲೇ ವಿವರಿಸಲಾದೀತೆ? ಖಾಸಗಿ ಗೋಡೆಯೊಳಗೆ ಮಾತ್ರ ಕೂಸುಗಳು ದೊಡ್ಡದಾಗಿ ಬೆಳೆಯುತ್ತವೆಯೆ?

೨೦೧೭ರಲ್ಲಿ ಇದೇ ಮುಂಬಯಿಯ ಸುಬರ್ಣಾ ಘೋಷ್ ಎಂಬ ಮಹಿಳೆ, ಆಸ್ಪತ್ರೆಗಳು ತಮ್ಮ ಸಿಸೇರಿಯನ್ ಲೆಕ್ಕವನ್ನು ಬಹಿರಂಗಪಡಿಸಬೇಕೆಂದು ಲಕ್ಷಕ್ಕೂ ಮೀರಿ ಸಹಿ ಸಂಗ್ರಹಿಸಿ ಅಂದಿನ ಸಚಿವೆ ಮೇನಕಾ ಗಾಂಧಿಯವರ ಗಮನಕ್ಕೆ ತಂದರು. ಅದೇ ವರ್ಷ ಆರೋಗ್ಯ ಸಚಿವಾಲಯ, ಸಿ.ಜಿ.ಎಚ್.ಎಸ್. ಪಟ್ಟಿಯಲ್ಲಿರುವ ಆಸ್ಪತ್ರೆಗಳೆಲ್ಲ ಸಹಜ ಹೆರಿಗೆ ಎಷ್ಟು, ಸಿಸೇರಿಯನ್ ಎಷ್ಟು ಎಂಬ ಪ್ರಮಾಣವನ್ನು ಪ್ರದರ್ಶಿಸಬೇಕೆಂದು ಸೂಚನೆ ಕೊಟ್ಟಿತು. ನಮ್ಮಂಥ ನೌಕರರಿಗೆ ಇದು ಹಕ್ಕಿನ ಮಾತು. ಸೋನೋಗ್ರಫಿ ಕೇಂದ್ರಗಳಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲವೆಂಬ ಫಲಕ ತಪ್ಪದೆ ಇರುತ್ತದೆ, ಏಕೆಂದರೆ ಇಲ್ಲದಿದ್ದರೆ ಶಿಕ್ಷೆಯುಂಟು. ಈ ಎರಡನೆಯ ಫಲಕಕ್ಕಾಗಿ ನಾವು ಕಾರ್ಡು ಹಿಡಿದು ಪಟ್ಟಿಯಲ್ಲಿರುವ ಆಸ್ಪತ್ರೆಯೊಂದಕ್ಕೆ ಹೋಗಿ ವಿಚಾರಿಸಿದೆವು. ಕೌಂಟರಿನ ಹುಡುಗಿ ನಗುಮುಖದಿಂದ ಗೋಡೆಯತ್ತ ಕೈತೋರಿಸಿದಳು. ಅಲ್ಲಿದ್ದದ್ದು ಡೀಲಕ್ಸ್ ಮತ್ತು ಸೆಮಿ-ಡೀಲಕ್ಸ್ ಕೋಣೆಗಳ ದರಪಟ್ಟಿ.

ನಾವು ಅಲ್ಲೇ ಒಂದು ಅರ್ಜಿ ಬರೆದು ಕೊಟ್ಟು, ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಂಡು ಬಂದಿದ್ದೇವೆ. ಸಂಘದ ಕಾರ್ಯದರ್ಶಿಗಳಿಗೂ ಒಂದು ಪತ್ರ ಕೊಟ್ಟಿದ್ದೇವೆ. ಮಹಿಳಾ ವಿಭಾಗದವರು ಪ್ರತಿ ವರ್ಷ ನಡೆಸುವ ಅಡುಗೆ ಸ್ಪರ್ಧೆಯ ದಿನ, ಸಭಾಗೃಹದ ಹಿಂಬದಿಯ ಕೋಣೆಯಲ್ಲಿ ಐದಾರು ತಿಂಗಳ ಬಸುರಿಯರಿಗಾಗಿ ಗ್ಲೂಕೋಸ್ ಪರೀಕ್ಷೆ ಏರ್ಪಡಿಸಬೇಕೆಂದು ಅದರಲ್ಲಿ ಕೇಳಿದ್ದೇವೆ. ಎರಡು ಗಂಟೆ ಕಾಯಬೇಕಾದ್ದರಿಂದ ಸ್ಪರ್ಧೆಯ ತಿಂಡಿಗಳನ್ನು ಆ ಕೋಣೆಯಿಂದ ದೂರ ಇಡಬೇಕಾದೀತು. ಡೊಂಬಿವಲಿಯ ನಮ್ಮ ಹುಡುಗಿಗೆ ಇಪ್ಪತ್ತನಾಲ್ಕನೆಯ ವಾರ ಬರುವುದು ಮುಂದಿನ ತಿಂಗಳ ಕೊನೆಗೆ. ಆ ದಿನಕ್ಕೆ ನಾವು ಅರ್ಧ ದಿನದ ರಜೆ ಈಗಲೇ ಬರೆದಿಟ್ಟಿದ್ದೇವೆ.